ಕನ್ನಡ ಬೆರಳಚ್ಚಿಗೆ ಒಗ್ಗಿಸಿದ ಮೆಕ್ಯಾನಿಕಲ್ ಕೀಬೋರ್ಡ್: ಎಂಟು ತಿಂಗಳ ಬಳಕೆಯ ನಂತರ

ಕನ್ನಡ ಬೆರಳಚ್ಚಿನ ‘ನುಡಿ’ ತಂತ್ರಾಂಶದಲ್ಲಿ ‘ಬಳ್ಳಾರಿ’ ಎಂದು ಬೆರಳಚ್ಚಿಸಲು ಏಳು ಅಕ್ಷರದ ಕೀಲಿಗಳನ್ನು ಒತ್ತಬೇಕು. ಮೊದಲು ಬಿ, ಬಳಿಕ ಎಡಗೈ ಕಿರುಬೆರಳಿನಿಂದ ಶಿಫ್ಟ್ ಹಿಡಿದು ಎಲ್, ಶಿಫ್ಟ್ ಬಿಟ್ಟು ಎಫ್, ಪುನಃ ಶಿಫ್ಟ್ ಹಿಡಿದು ಎಲ್, ಅನಂತರ ಬಲಗಡೆಯ ಶಿಫ್ಟ್ ಹಿಡಿದು ಎ, ಕೊನೆಗೆ ಆರ್ ಮತ್ತು ಐ. ಎಡ ಕಿರುಬೆರಳು ಶಿಫ್ಟ್‌ನಿಂದ ಪೂರ್ತಿ ಮೇಲೇಳುವ ಮೊದಲೇ ಅದೇ ಕೈಯ ತೋರುಬೆರಳು ಎಫ್ ಮೇಲೆ ಬಿದ್ದರೆ ‘ಳ’ಕ್ಕೆ ‘ಳ’ ಒತ್ತಾಗಿ ಕೂಡುವುದಿಲ್ಲ, ಹಿಂದೆ ಹೋಗಿ ಅಳಿಸಿ ಮತ್ತೆ ಒತ್ತಬೇಕಾಗುತ್ತದೆ. ನಾನು ಹತ್ತೊಂಬತ್ತು ವರ್ಷಗಳಿಂದ ಬಳ್ಳಾರಿಯಲ್ಲಿ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಅರ್ಜಿ, ಕರಾರು ಪತ್ರ, ಪ್ರಮಾಣಪತ್ರ, ಲಗ್ನಪತ್ರಿಕೆ ಇವುಗಳಲ್ಲಿ ಯಾವುದನ್ನು ಮಾಡಿದರೂ ಊರಿನ ಹೆಸರು ಬಂದೇ ಬರುತ್ತದೆ. ಆದ್ದರಿಂದ ಹೊಸ ಕೀಬೋರ್ಡ್ ಯಾವುದೇ ಕೈಗೆ ಬರಲಿ, ಮೊದಲು ಈ ಒಂದು ಪದವನ್ನು ವೇಗವಾಗಿ ಇಪ್ಪತ್ತು ಸಲ ಒತ್ತಿ ನೋಡುವುದು ನನ್ನ ರೂಢಿಯಾಗಿದೆ. ಇಪ್ಪತ್ತೂ ಸರಿಯಾಗಿ ಬಿದ್ದರೆ ಮುಂದಿನ ಮಾತು.

ಇಲ್ಲಿ ನಾನು ವಿಮರ್ಶಿಸುತ್ತಿರುವುದು 104 ಕೀಲಿಗಳ, ಬೆಸುಗೆಯಿಲ್ಲದೆ ಕೀಲಿಗಳ ಕೆಳಗಿನ ಸ್ವಿಚ್‌ಗಳನ್ನು ಕಿತ್ತು ಬದಲಿಸಬಹುದಾದ ಒಂದು ಮೆಕ್ಯಾನಿಕಲ್ ಕೀಬೋರ್ಡನ್ನು. ಅದು ಬಂದ ಸ್ಥಿತಿಯಲ್ಲಿ ಹೇಗಿತ್ತು, ನಾನು ಅದರಲ್ಲಿ ಏನೇನು ಬದಲಿಸಿದೆ, ಆ ಬದಲಾವಣೆಗಳಲ್ಲಿ ಯಾವುವು ನಿಂತವು ಎಂಬುದನ್ನು ಬರೆಯುತ್ತೇನೆ. ತಯಾರಕರ ಮತ್ತು ಮಾರಾಟಗಾರರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ರಚನೆಯ ಕೀಬೋರ್ಡ್‌ಗಳು ಹಲವು ಹೆಸರುಗಳಲ್ಲಿ ಸಿಗುತ್ತವೆ, ಮತ್ತು ನನ್ನ ಮಾತುಗಳಲ್ಲಿ ಹೆಚ್ಚಿನವು ಅವೆಲ್ಲಕ್ಕೂ ಹೊಂದುತ್ತವೆ.

ಕೀಬೋರ್ಡ್‌ಗಳನ್ನು ಹವ್ಯಾಸವಾಗಿ ಬಿಚ್ಚಿ ಜೋಡಿಸುವವರು ಬರೆದ ವಿಮರ್ಶೆಗಳನ್ನು ನಾನು ಕೊಳ್ಳುವ ಮೊದಲು ಬಹಳ ಓದಿದೆ, ನೋಡಿದೆ. ಅವುಗಳಿಂದ ಕಲಿತದ್ದು ಸಾಕಷ್ಟಿದೆ. ಆದರೆ ಅವರೆಲ್ಲರೂ ಬೆರಳಚ್ಚಿಸುವುದು ಇಂಗ್ಲಿಷನ್ನು. ಇಂಗ್ಲಿಷಿನಲ್ಲಿ ಶಿಫ್ಟ್ ಬೇಕಾಗುವುದು ವಾಕ್ಯದ ಆರಂಭಕ್ಕೆ ಮತ್ತು ಹೆಸರುಗಳಿಗೆ. ಎಫ್ ಎಂಬುದು ಇಪ್ಪತ್ತಾರರಲ್ಲಿ ಒಂದು ಸಾಮಾನ್ಯ ಅಕ್ಷರ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ನಾವು ಬಳಸುವ ವಿನ್ಯಾಸದಲ್ಲಿ ಲೆಕ್ಕವೇ ಬೇರೆ. ಅಲ್ಲಿ ವ್ಯಂಜನದ ಕೊನೆಯ ಅಕಾರವನ್ನು ಕಳೆಯುವ ಕೆಲಸ ಎಫ್‌ನದು, ಹಾಗಾಗಿ ಪ್ರತಿ ಒತ್ತಕ್ಷರಕ್ಕೂ ಅದನ್ನು ಒತ್ತಲೇಬೇಕು. ‘ಕನಕದುರ್ಗಮ್ಮ’ ಎಂದರೆ ಎರಡು ಸಲ ಎಫ್, ‘ರಾಷ್ಟ್ರೀಯ’ ಎಂದರೆ ಎರಡು ಸಲ ಎಫ್ ಮತ್ತು ಎರಡು ದೀರ್ಘಗಳಿಗಾಗಿ ಎರಡು ಸಲ ಶಿಫ್ಟ್. ಮಹಾಪ್ರಾಣ, ದೀರ್ಘ ಸ್ವರ, ಣಕಾರ, ಳಕಾರ, ಅನುಸ್ವಾರ ಎಲ್ಲವೂ ಶಿಫ್ಟ್ ಅಡಿಯಲ್ಲಿವೆ. ಇದಕ್ಕೆ ಪ್ರತಿಯಾಗಿ ವಿಭಕ್ತಿ, ಅವ್ಯಯಗಳೆಲ್ಲ ಪದಕ್ಕೆ ಅಂಟಿಕೊಂಡೇ ಬರುವುದರಿಂದ, ವಿಮರ್ಶಕರು ಅಷ್ಟೊಂದು ಹೊತ್ತು ಬಡಿದು ಧ್ವನಿ ಕೇಳಿಸುವ ಸ್ಪೇಸ್ ಬಾರ್ ನಮಗೆ ಅಷ್ಟಾಗಿ ಬೇಕಾಗುವುದಿಲ್ಲ. ಕನ್ನಡ ಬೆರಳಚ್ಚಿನವರು ಕೀಬೋರ್ಡನ್ನು ಅಳೆಯಬೇಕಾದದ್ದು ಎಫ್ ಮತ್ತು ಎಡ ಶಿಫ್ಟ್ ಎಂಬ ಎರಡು ಕೀಲಿಗಳಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗಾತ್ರದ ವಿಷಯದಲ್ಲಿ ನನಗೆ ಗೊಂದಲವಿರಲಿಲ್ಲ. ಹವ್ಯಾಸಿಗಳಿಗೆ ಅಂಕಿಗಳ ವಿಭಾಗವಿಲ್ಲದ ಚಿಕ್ಕ ಕೀಬೋರ್ಡ್‌ಗಳೆಂದರೆ ಬಹಳ ಪ್ರೀತಿ. ಡಿಟಿಪಿ ಕೆಲಸದಲ್ಲಿ ಹಳೆಯ ಫಾಂಟುಗಳ ವಿಶೇಷ ಚಿಹ್ನೆಗಳನ್ನು ಆಲ್ಟ್ ಹಿಡಿದು ಬಲಬದಿಯ ಅಂಕಿಗಳನ್ನು ಒತ್ತಿಯೇ ತರಬೇಕು, ಆದ್ದರಿಂದ ಆ ವಿಭಾಗ ನಮಗೆ ಬೇಕೇ ಬೇಕು.

ಇದುವರೆಗೆ ನಮ್ಮ ಅಂಗಡಿಯಲ್ಲಿದ್ದದ್ದು ಐನೂರು ರೂಪಾಯಿ ಒಳಗಿನ ಸಾಧಾರಣ ಕೀಬೋರ್ಡ್‌ಗಳು. ಅವುಗಳಲ್ಲಿ ಪ್ರತಿ ಕೀಲಿಯ ಕೆಳಗೆ ರಬ್ಬರಿನ ಒಂದು ಸಣ್ಣ ಗುಮ್ಮಟ ಇರುತ್ತದೆ. ಅದು ಪೂರ್ತಿ ಕುಸಿದು ತಳ ಮುಟ್ಟಿದಾಗಲೇ ಅಕ್ಷರ ಬೀಳುತ್ತದೆ. ವರ್ಷ ತುಂಬುವಷ್ಟರಲ್ಲಿ ಎಫ್ ಕೆಳಗಿನ ರಬ್ಬರ್ ಮೆತ್ತಗಾಗಿ, ಉಳಿದ ಕೀಲಿಗಳು ಚೆನ್ನಾಗಿದ್ದರೂ ಕೀಬೋರ್ಡನ್ನೇ ಎಸೆಯಬೇಕಾಗುತ್ತಿತ್ತು. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಒಂದೊಂದು ಕೀಲಿಗೂ ಪ್ರತ್ಯೇಕ ಸ್ವಿಚ್ ಇದೆ. ಅದರೊಳಗೆ ಒಂದು ಸ್ಪ್ರಿಂಗ್, ಮೇಲೆ ಕೆಳಗೆ ಜಾರುವ ಪ್ಲಾಸ್ಟಿಕ್ ಕಾಂಡ, ಮತ್ತು ಕಾಂಡ ಕೆಳಗಿಳಿದಾಗ ಒಂದಕ್ಕೊಂದು ತಾಗುವ ಎರಡು ಲೋಹದ ಎಲೆಗಳು. ಜರ್ಮನಿಯ ಚೆರ್ರಿ ಸಂಸ್ಥೆ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ ಇದರ ಮಾದರಿ. ಅದರ ಪೇಟೆಂಟ್ ಅವಧಿ ಮುಗಿದ ಮೇಲೆ ಚೀನಾದ ಗೇಟರಾನ್, ಕೈಲ್ ಮೊದಲಾದವರ ಸ್ವಿಚ್‌ಗಳು ವ್ಯಾಪಕವಾಗಿ ಬಂದವು, ಕಾಂಡದ ಮೇಲಿನ ಕೂಡು ಚಿಹ್ನೆಯ ಆಕಾರ ಒಂದೇ ಆದದ್ದರಿಂದ ಒಬ್ಬರ ಕೀಕ್ಯಾಪ್, ಅಂದರೆ ಕೀಲಿಯ ಮೇಲಿನ ಟೋಪಿ, ಇನ್ನೊಬ್ಬರ ಸ್ವಿಚ್‌ಗೆ ಕೂರುತ್ತದೆ. ಚೆರ್ರಿಯ ಕೆಂಪು ಸ್ವಿಚ್ ನಾಲ್ಕು ಮಿಲಿಮೀಟರ್ ಚಲಿಸುತ್ತದೆ, ಎರಡನೆಯ ಮಿಲಿಮೀಟರಿನಲ್ಲೇ ಅಕ್ಷರ ಬೀಳುತ್ತದೆ, ಅದಕ್ಕೆ ಬೇಕಾದ ಬಲ 45 ಸೆಂಟಿನ್ಯೂಟನ್, ಅಂದರೆ ಸುಮಾರು 46 ಗ್ರಾಂ ಭಾರದಷ್ಟು. ತಳ ಮುಟ್ಟುವವರೆಗೆ ಬೆರಳು ಇಳಿಯಬೇಕಾಗಿಲ್ಲ ಎಂಬುದು ದಿನಕ್ಕೆ ಎಂಟು ಗಂಟೆ ಬೆರಳಚ್ಚಿಸುವವರಿಗೆ ಸಣ್ಣ ಸಂಗತಿಯಲ್ಲ.

ಪೆಟ್ಟಿಗೆ ಬಂದ ದಿನವೇ ‘ಬಳ್ಳಾರಿ’ ಪರೀಕ್ಷೆಯಲ್ಲಿ ಅದು ಸೋತಿತು. ಇಪ್ಪತ್ತರಲ್ಲಿ ಆರು ತಪ್ಪು. ಎಡ ಶಿಫ್ಟ್ ಒತ್ತಿದಾಗ ಒಂದು ಬದಿಯಲ್ಲಿ ಗಿಲಗಿಲ ಎಂದು ತಂತಿಯ ಸದ್ದು, ಮೇಲೇಳುವಾಗ ಒಂದು ಕ್ಷಣ ತಡ. ಮಾರಿದವರಿಗೆ ಕರೆ ಮಾಡಿದರೆ, ಕೀಕ್ಯಾಪ್ ತೆಗೆದು ನೋಡಿದ್ದೀರಿ, ಆದ್ದರಿಂದ ಹಿಂದಕ್ಕೆ ತೆಗೆದುಕೊಳ್ಳಲಾಗದು ಎಂದರು. ಬಿಚ್ಚಿ ಬದಲಿಸಬಹುದು ಎಂಬುದನ್ನೇ ಮುಖ್ಯ ಗುಣವೆಂದು ಹೇಳಿ ಮಾರಿದ ವಸ್ತುವಿಗೆ ಈ ಉತ್ತರ ಕೊಟ್ಟದ್ದು ನನಗೆ ಇಂದಿಗೂ ಸರಿಯೆನಿಸಿಲ್ಲ.

ದೋಷವಿದ್ದದ್ದು ಸ್ಟೆಬಿಲೈಜರಿನಲ್ಲಿ. ಒಂದು ಸಾಮಾನ್ಯ ಕೀಲಿಯ ಸ್ಥಳ 19.05 ಮಿಲಿಮೀಟರ್. ಎಡ ಶಿಫ್ಟ್ ಅದರ ಎರಡೂಕಾಲು ಪಟ್ಟು, ಅಂದರೆ ಸುಮಾರು 43 ಮಿಲಿಮೀಟರ್ ಅಗಲ. ಇಷ್ಟು ಅಗಲದ ಕೀಲಿಯ ತುದಿಯನ್ನು ಒತ್ತಿದರೆ ವಾಲಬಾರದೆಂದು ನಡುವಿನ ಸ್ವಿಚ್‌ನ ಅಕ್ಕಪಕ್ಕ ಎರಡು ಸಣ್ಣ ಗೂಡುಗಳನ್ನಿಟ್ಟು, ಅವುಗಳನ್ನು ಒಂದು ಬಾಗಿಸಿದ ಉಕ್ಕಿನ ತಂತಿಯಿಂದ ಜೋಡಿಸಿರುತ್ತಾರೆ. ಆ ತಂತಿ ಸ್ವಲ್ಪ ತಿರುಚಿದ್ದರೂ ಒಂದು ಬದಿ ಮೊದಲು ಇಳಿದು ಇನ್ನೊಂದು ಬದಿ ತಡವಾಗಿ ಇಳಿಯುತ್ತದೆ, ಏಳುವಾಗಲೂ ಹಾಗೆಯೇ. ತಂತಿಯನ್ನು ಪೂರ್ತಿ ಸಮತಟ್ಟಾದ ಜಾಗದಲ್ಲಿಟ್ಟು ನೋಡಬೇಕು ಎಂದು ಓದಿದ್ದೆ. ನನ್ನ ಅಂಗಡಿಯಲ್ಲಿ ಸ್ಕ್ಯಾನರಿನ ಗಾಜಿಗಿಂತ ಸಮತಟ್ಟಾದದ್ದು ಬೇರೆ ಏನಿದೆ? ಗಾಜನ್ನು ಒರೆಸಿ ತಂತಿಯನ್ನು ಮಲಗಿಸಿದೆ, ಒಂದು ತುದಿಯನ್ನು ಉಗುರಿನಿಂದ ಮೆಲ್ಲನೆ ತಟ್ಟಿದೆ. ಎದುರಿನ ತುದಿ ಟಿಕ್ ಎಂದು ಎದ್ದು ಬಿತ್ತು. ಕೆಳಗೆ ಒಂದು ಕಾಗದ ತೂರುವಷ್ಟು ಸಂದು. ಎರಡು ಇಕ್ಕಳಗಳಿಂದ ಹಿಡಿದು ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ಗಾಜಿನ ಮೇಲಿಟ್ಟು ತಟ್ಟುವುದು. ಹೀಗೆ ಒಂಬತ್ತೋ ಹತ್ತೋ ಸಲ ಮಾಡಿದ ಮೇಲೆ ತಂತಿ ಸದ್ದಿಲ್ಲದೆ ಮಲಗಿತು. ತಂತಿಯ ಎರಡೂ ತುದಿಗಳಿಗೆ ದಪ್ಪ ಸಿಲಿಕೋನ್ ಗ್ರೀಸ್ ಹಚ್ಚಿ ಕೂರಿಸಿದಾಗ ಗಿಲಗಿಲ ಪೂರ್ತಿ ನಿಂತಿತು. ಇಡೀ ಎಂಟು ತಿಂಗಳಲ್ಲಿ ನಾನು ಮಾಡಿದ ಬದಲಾವಣೆಗಳಲ್ಲಿ ಅತ್ಯಂತ ಕಡಿಮೆ ಖರ್ಚಿನದು ಇದು, ಅತ್ಯಂತ ಹೆಚ್ಚು ಫಲ ಕೊಟ್ಟದ್ದೂ ಇದೇ.

ಮುಂದಿನದು ಸ್ಪ್ರಿಂಗ್. ಕಿರುಬೆರಳು ಎಲ್ಲಕ್ಕಿಂತ ದುರ್ಬಲ ಬೆರಳು, ಅದರ ಕೆಲಸವನ್ನು ಹಗುರ ಮಾಡೋಣವೆಂದು ಎರಡೂ ಶಿಫ್ಟ್‌ಗಳ ಸ್ವಿಚ್‌ಗೆ 35 ಗ್ರಾಂನ ಹಗುರ ಸ್ಪ್ರಿಂಗ್ ಹಾಕಿದೆ. ಒತ್ತುವುದು ಸುಲಭವಾಯಿತು, ಆದರೆ ತಪ್ಪುಗಳು ಮತ್ತೆ ಹೆಚ್ಚಾದವು. ಕಾರಣ ತಿಳಿಯಲು ಎರಡು ದಿನ ಹಿಡಿಯಿತು. ಶಿಫ್ಟ್‌ನ ಸ್ಪ್ರಿಂಗ್ ಎತ್ತಬೇಕಾದದ್ದು ತನ್ನ ಕಾಂಡವನ್ನು ಮಾತ್ರವಲ್ಲ, ಅಗಲವಾದ ಕೀಕ್ಯಾಪನ್ನೂ ಗ್ರೀಸ್ ಹಚ್ಚಿದ ತಂತಿಯನ್ನೂ ಎತ್ತಬೇಕು. ಹಗುರ ಸ್ಪ್ರಿಂಗ್‌ಗೆ ಅಷ್ಟು ಬಲವಿರಲಿಲ್ಲ, ಕೀಲಿ ಸೋಮಾರಿಯಂತೆ ಏಳುತ್ತಿತ್ತು. ಕನ್ನಡದಲ್ಲಿ ಶಿಫ್ಟ್ ಎಷ್ಟು ಹಗುರವಾಗಿ ಇಳಿಯುತ್ತದೆ ಎಂಬುದಕ್ಕಿಂತ ಎಷ್ಟು ಚುರುಕಾಗಿ ಏಳುತ್ತದೆ ಎಂಬುದೇ ಮುಖ್ಯ; ಏಕೆಂದರೆ ಅದರ ಬೆನ್ನಲ್ಲೇ ಎಫ್ ಕಾದಿರುತ್ತದೆ. ಈಗ ಎಫ್ ಬಿಟ್ಟು ಉಳಿದೆಲ್ಲ ಕೀಲಿಗಳಿಗೂ ಗೇಟರಾನ್‌ನ ಹಳದಿ ಸ್ವಿಚ್ ಹಾಕಿದ್ದೇನೆ. ಅದು 50 ಗ್ರಾಂನ, ನಡುವೆ ಎಲ್ಲೂ ತಡೆಯಿಲ್ಲದೆ ನೇರವಾಗಿ ಇಳಿಯುವ ಸ್ವಿಚ್. ಶಿಫ್ಟ್ ಏಳುವ ಬಗೆಯಲ್ಲಿ ನನಗೆ ಕೊರತೆ ಕಾಣುತ್ತಿಲ್ಲ.

ಎಫ್ ಒಂದಕ್ಕೆ ಮಾತ್ರ ಬೇರೆ ಸ್ವಿಚ್. ಉಳಿದ ಕೀಲಿಗಳನ್ನು ಒತ್ತಿದರೆ ಪರದೆಯ ಮೇಲೆ ಒಂದು ಅಕ್ಷರವೋ ಒಂದು ಕಾಗುಣಿತವೋ ಕಾಣಿಸಿ ಕಣ್ಣಿಗೆ ಖಾತ್ರಿಯಾಗುತ್ತದೆ. ಎಫ್ ಒತ್ತಿದಾಗ ಕಾಣುವ ಅರ್ಧಾಕ್ಷರ ಮುಂದಿನ ವ್ಯಂಜನ ಬಿದ್ದ ಕೂಡಲೇ ಮಾಯವಾಗಿ ಒತ್ತಾಗಿಬಿಡುತ್ತದೆ. ವೇಗದಲ್ಲಿ ಅದನ್ನು ಕಣ್ಣು ಹಿಡಿಯಲಾರದು, ಬೆರಳೇ ಹಿಡಿಯಬೇಕು. ಆದ್ದರಿಂದ ಇಳಿಯುವ ದಾರಿಯಲ್ಲಿ ಒಂದು ಉಬ್ಬು ತಾಗುವ ಸ್ವಿಚ್ ಅದಕ್ಕೆ ಸೂಕ್ತವೆನಿಸಿತು. ಕಂದು ಬಣ್ಣದ ಸ್ವಿಚ್‌ನ ಉಬ್ಬು ನನ್ನ ಬೆರಳಿಗೆ ತೀರ ಸಣ್ಣದೆನಿಸಿತು. ಬೋಬಾ ಯು4ಟಿ ಎಂಬ 62 ಗ್ರಾಂನ ಸ್ವಿಚ್ ಸ್ಪಷ್ಟವಾಗಿ ತಾಗುತ್ತದೆ. ತೋರುಬೆರಳಿಗೆ ಅದು ಭಾರವಾಗಲಿಲ್ಲ. ಒಂದೇ ಕೀಬೋರ್ಡಿನಲ್ಲಿ ಎರಡು ಬಗೆಯ ಸ್ವಿಚ್ ಇಡುವುದನ್ನು ಒಪ್ಪದವರಿದ್ದಾರೆ. ಅವರು ಒಂದು ದಿನ ಕನ್ನಡದಲ್ಲಿ ನ್ಯಾಯಾಲಯದ ಅರ್ಜಿಯನ್ನು ಬೆರಳಚ್ಚಿಸಿ ನೋಡಲಿ ಎಂದು ನಾನು ಹೇಳುತ್ತೇನೆ.

ಟಿಕ್ ಟಿಕ್ ಎಂದು ಸದ್ದು ಮಾಡುವ ಕೈಲ್ ಬಾಕ್ಸ್ ಬಿಳಿ ಸ್ವಿಚ್‌ಗಳನ್ನೂ ಒಂದು ವಾರ ಹಾಕಿ ನೋಡಿದೆ. ಕನ್ನಡ ಟೈಪ್‌ರೈಟರಿನಲ್ಲಿ ಸೀನಿಯರ್ ಪರೀಕ್ಷೆ ಬರೆದು ಬಂದ ನನಗೆ ಆ ಸದ್ದು ಹಿತವಾಗಿತ್ತು. ಆದರೆ ನಮ್ಮಲ್ಲಿಗೆ ಬರುವ ಎಷ್ಟೋ ಜನ ಎದುರು ಕುಳಿತು ಬಾಯಿಂದಲೇ ಅರ್ಜಿ ಹೇಳುತ್ತಾರೆ, ಅವರ ಮಾತು ಸದ್ದಿನಲ್ಲಿ ಮುಳುಗುತ್ತಿತ್ತು. ಅದನ್ನು ತೆಗೆಯುವಾಗ ನನಗೆ ಬೇಸರವಾಯಿತು, ಏಕೆಂದರೆ ಧೂಳಿನ ದೃಷ್ಟಿಯಿಂದ ನಮ್ಮ ಊರಿಗೆ ಹೇಳಿ ಮಾಡಿಸಿದಂತಿರುವುದು ಆ ಸ್ವಿಚ್. ಅದರಲ್ಲಿ ಲೋಹದ ಎಲೆಗಳು ತಾಗುವ ಜಾಗವನ್ನು ಒಂದು ಸಣ್ಣ ಪೆಟ್ಟಿಗೆಯಂತೆ ಮುಚ್ಚಿದ್ದಾರೆ. ಧೂಳು, ನೀರಿನಿಂದ ರಕ್ಷಣೆಗೆ ಐಪಿ56 ಎಂಬ ದರ್ಜೆಯನ್ನು ತಯಾರಕರು ಹೇಳುತ್ತಾರೆ. ಒಬ್ಬರೇ ಕುಳಿತು ಕೆಲಸ ಮಾಡುವವರಾದರೆ ಬಳ್ಳಾರಿಯಲ್ಲಿ ಅದನ್ನೇ ಕೊಳ್ಳಿ.

ಧೂಳಿನ ಮಾತು ಬಂದದ್ದರಿಂದ ಎಣ್ಣೆಯ ಮಾತನ್ನೂ ಹೇಳಬೇಕು. ನಮ್ಮ ಅಂಗಡಿಯ ಪಕ್ಕದಲ್ಲಿ ಜೀನ್ಸ್ ಹೊಲಿಯುವ ಘಟಕವಿದೆ. ಅಲ್ಲಿ ಮಷಿನ್ ರಿಪೇರಿಗೆ ಬರುವ ಹುಡುಗ ನಾನು ಸ್ವಿಚ್ ಬಿಚ್ಚಿಕೊಂಡು ಕುಳಿತದ್ದನ್ನು ನೋಡಿ, “ಅಕ್ಕಾ, ಇದಕ್ಯಾಕ ಇಷ್ಟು ಒದ್ದಾಡ್ತೀರಿ, ಒಂದೊಂದು ಹನಿ ಮಷಿನ್ ಎಣ್ಣಿ ಬಿಟ್ರ ಆತು” ಎಂದ. ಪ್ರೀತಿಯಿಂದ ಹೇಳಿದ ಮಾತು, ಹೊಲಿಗೆ ಯಂತ್ರಕ್ಕೆ ಸರಿಯಾದ ಮಾತೂ ಹೌದು. ನಾಲ್ಕು ಸ್ವಿಚ್‌ಗಳಿಗೆ ಬಿಟ್ಟು ನೋಡಿದೆ. ಒಂದು ವಾರ ಬೆಣ್ಣೆಯಂತೆ ಜಾರಿದವು. ಎರಡನೆಯ ವಾರದಿಂದ ಅವುಗಳಲ್ಲಿ ಒಂದು ಕೀಲಿ ಒಂದು ಸಲ ಒತ್ತಿದರೆ ಎರಡು ಅಕ್ಷರ ಬೀಳಿಸತೊಡಗಿತು. ಬಿಚ್ಚಿದಾಗ, ತೆಳುವಾದ ಎಣ್ಣೆ ಲೋಹದ ಎಲೆಗಳವರೆಗೆ ಹರಿದಿತ್ತು. ಅದಕ್ಕೆ ಜೀನ್ಸ್ ಬಟ್ಟೆಯ ನೀಲಿ ನವಿರು ಅಂಟಿ, ಅದರ ಮೇಲೆ ಕೆಂಪು ಧೂಳು ಕೂತು, ಕೆನ್ನೀಲಿ ಬಣ್ಣದ ಒಂದು ಪದರವೇ ಆಗಿತ್ತು. ಬಳಸಬೇಕಾದದ್ದು ಹರಿಯದೆ ನಿಲ್ಲುವ ಗ್ರೀಸ್. ಹವ್ಯಾಸಿಗಳಲ್ಲಿ ಹೆಚ್ಚು ರೂಢಿಯಲ್ಲಿರುವ ಕ್ರೈಟಾಕ್ಸ್ 205ಜಿ0 ಅನ್ನು ನಾನೂ ತರಿಸಿದೆ. ಚಿತ್ರ ಬರೆಯುವ ತೀರ ಸಣ್ಣ ಕುಂಚದಿಂದ ಕಾಂಡದ ಎರಡು ಬದಿಗಳಿಗೆ, ಅದು ಜಾರುವ ಹಳಿಗಳಿಗೆ ಕಂಡೂ ಕಾಣದಷ್ಟು ಹಚ್ಚಬೇಕು. ಲೋಹದ ಎಲೆಯನ್ನು ತಾಗುವ ಕಾಂಡದ ಕಾಲುಗಳಿಗೆ ಹಚ್ಚಬಾರದು. ಫ್ಯಾನ್ ಹಾಕಿದರೆ ಧೂಳು ಹಾರಿ ಗ್ರೀಸಿಗೆ ಕೂರುತ್ತದೆ, ಫ್ಯಾನ್ ಇಲ್ಲದೆ ಹಗಲಿನಲ್ಲಿ ಇಲ್ಲಿ ಕುಳಿತುಕೊಳ್ಳಲಾಗದು. ಹಾಗಾಗಿ ಬೆಳಗಿನ ಜಾವ ಐದರಿಂದ ಆರೂವರೆಯವರೆಗೆ ಕುಳಿತು ಏಳು ದಿನಗಳಲ್ಲಿ ಅಷ್ಟೂ ಸ್ವಿಚ್‌ಗಳನ್ನು ಮುಗಿಸಿದೆ. ಶ್ರಮಕ್ಕೆ ತಕ್ಕ ಫಲ ಸಿಕ್ಕಿತೇ ಎಂದರೆ, ಅರ್ಧದಷ್ಟು ಎನ್ನುತ್ತೇನೆ. ಕರಕರ ಎನ್ನುವ ಒರಟುತನ ಹೋಯಿತು, ವೇಗದಲ್ಲಿ ವ್ಯತ್ಯಾಸವೇನೂ ಆಗಲಿಲ್ಲ. ಕಾರ್ಖಾನೆಯಲ್ಲೇ ಗ್ರೀಸ್ ಹಚ್ಚಿ ಬರುವ ಸ್ವಿಚ್‌ಗಳು ಸಿಗುತ್ತವೆ, ಸಮಯವಿಲ್ಲದವರಿಗೆ ಅವೇ ಸಾಕು.

ಕೀಬೋರ್ಡಿನ ಒಳಗಿನ ಪ್ರೋಗ್ರಾಮನ್ನು ಬದಲಿಸುವ ಸೌಲಭ್ಯದಿಂದ ಆದ ಉಪಯೋಗ ಮಾತ್ರ ನಾನು ಎಣಿಸಿದ್ದಕ್ಕಿಂತ ದೊಡ್ಡದು. ಇದು ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶದ ಮೇಲೆ ನಡೆಯುತ್ತದೆ. ಕ್ರೋಮ್ ಬ್ರೌಸರಿನಲ್ಲಿ ವಿಯಾ ಎಂಬ ಪುಟವನ್ನು ತೆರೆದು ಯಾವ ಕೀಲಿ ಏನು ಮಾಡಬೇಕೆಂದು ಹೇಳಬಹುದು. ಹೇಳಿದ್ದು ಕೀಬೋರ್ಡಿನೊಳಗೇ ಉಳಿಯುವುದರಿಂದ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೂ ಜೊತೆಗೇ ಬರುತ್ತದೆ, ನುಡಿಗೆ ಈ ಬದಲಾವಣೆಯ ಸುಳಿವೇ ಇರುವುದಿಲ್ಲ. ನಾನು ಎಡ ಶಿಫ್ಟನ್ನು ‘ಒಂದು ಸಲದ ಶಿಫ್ಟ್’ ಆಗಿ ಬದಲಿಸಿದೆ. ಅದನ್ನು ಹಿಡಿದುಕೊಳ್ಳಬೇಕಾಗಿಲ್ಲ, ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಮಾತ್ರ ಶಿಫ್ಟ್ ಅನ್ವಯಿಸುತ್ತದೆ. ತಟ್ಟು, ಎಲ್, ಎಫ್, ತಟ್ಟು, ಎಲ್. ಎಫ್ ಬರುವಷ್ಟರಲ್ಲಿ ಶಿಫ್ಟ್ ಎಂದೋ ಮುಗಿದಿರುತ್ತದೆ. ಆರು ತಪ್ಪು ಬೀಳುತ್ತಿದ್ದ ಪರೀಕ್ಷೆಯಲ್ಲಿ ಈಗ ಇಪ್ಪತ್ತಕ್ಕೆ ಇಪ್ಪತ್ತೂ ಸರಿ ಬೀಳುತ್ತವೆ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಎಡ ಕಿರುಬೆರಳಿನ ಬುಡದಲ್ಲಿ ಬರುತ್ತಿದ್ದ ನೋವೂ ನನಗೆ ಕಡಿಮೆಯಾಗಿದೆ.

ಇದರಲ್ಲಿ ಒಂದು ಅಪಾಯವಿದೆ, ಅದನ್ನು ಮುಚ್ಚಿಡಬಾರದು. ಶಿಫ್ಟ್ ತಟ್ಟಿ, ಅಷ್ಟರಲ್ಲಿ ಯಾರೋ ಮಾತನಾಡಿಸಿ, ಮತ್ತೆ ಕೀಲಿಗೆ ಕೈಯಿಟ್ಟರೆ, ಹಿಂದೆ ತಟ್ಟಿದ್ದು ಮುಂದಿನ ಅಕ್ಷರಕ್ಕೆ ಬಂದು ಕೂರಬಹುದು. ಸಿಡಿಲಿಗೆ ಸತ್ತ ದನಗಳಿಗೆ ಪರಿಹಾರ ಕೇಳುವ ಒಬ್ಬ ರೈತರ ಅರ್ಜಿಯಲ್ಲಿ ‘ದನ’ ಎಂದಿರಬೇಕಾದ ಕಡೆ ‘ಧನ’ ಎಂದು ಬಿದ್ದಿತ್ತು. ಕರಡು ಓದುವಾಗ ನನ್ನ ಸಹಾಯಕಿ ಅದನ್ನು ಹಿಡಿದಳು; ಹಿಡಿಯದಿದ್ದರೆ ಆ ರೈತರು ಕಚೇರಿಗೆ ಮತ್ತೊಮ್ಮೆ ಅಲೆಯಬೇಕಾಗುತ್ತಿತ್ತು. ಅಂದಿನಿಂದ ಮಧ್ಯದಲ್ಲಿ ಕೈ ತೆಗೆದರೆ ಮೊದಲು ಎಸ್ಕೇಪ್ ಒತ್ತಿ ಆಮೇಲೆ ಮುಂದುವರಿಯುವ ಅಭ್ಯಾಸ ಮಾಡಿಕೊಂಡಿದ್ದೇನೆ. ಸಹಾಯಕಿಗೆ ಈ ತಟ್ಟುವ ಕ್ರಮ ಒಗ್ಗಲಿಲ್ಲ. ಹಾಗೆಂದು ಅವಳಿಗೆ ತೊಂದರೆಯೂ ಇಲ್ಲ, ಏಕೆಂದರೆ ಹಿಡಿದುಕೊಂಡರೆ ಅದು ಮಾಮೂಲಿ ಶಿಫ್ಟ್‌ನಂತೆಯೇ ಕೆಲಸ ಮಾಡುತ್ತದೆ.

ಕೀಕ್ಯಾಪ್‌ಗಳು ಪಿಬಿಟಿ ಪ್ಲಾಸ್ಟಿಕ್ಕಿನವು. ಸಾಮಾನ್ಯವಾದ ಎಬಿಎಸ್ ಕೀಕ್ಯಾಪ್‌ಗಳು ಬೆರಳಿನ ಜಿಡ್ಡಿಗೆ ಬೇಗ ಮಿರುಗತೊಡಗುತ್ತವೆ. ಇವು ಎಂಟು ತಿಂಗಳಾದರೂ ಎಫ್ ಒಂದನ್ನು ಬಿಟ್ಟು ಮಾಸಿಲ್ಲ, ಎಫ್ ಕೂಡ ಬೆಳಕಿಗೆ ಹಿಡಿದರೆ ಮಾತ್ರ ತಿಳಿಯುತ್ತದೆ. ಕನ್ನಡ ಅಕ್ಷರ ಅಚ್ಚಾದ ಪಿಬಿಟಿ ಕೀಕ್ಯಾಪ್ ಹುಡುಕಿ ಸೋತೆ. ನನಗೆ ಅದು ಬೇಡ, ಹೊಸದಾಗಿ ಕಲಿಯುವವರಿಗೆ ಬೇಕು. ಜಪಾನಿ, ಕೊರಿಯನ್, ರಷ್ಯನ್ ಅಕ್ಷರಗಳ ಕೀಕ್ಯಾಪ್‌ಗಳು ಸುಲಭವಾಗಿ ಸಿಗುವಾಗ ನಮ್ಮ ಲಿಪಿಯದು ಸಿಗದಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಸದ್ದನ್ನು ಮೃದುಗೊಳಿಸಲು ಒಳಗೆ ಫೋಮ್ ಹಾಕುವುದು, ಹಿಂಬದಿಗೆ ಟೇಪ್ ಅಂಟಿಸುವುದು ಇವನ್ನೂ ಮಾಡಿದೆ. ಏರ್ ಕೂಲರ್ ಓಡುವ ಕೋಣೆಯಲ್ಲಿ ವ್ಯತ್ಯಾಸ ಕೇಳಿಸುವುದಿಲ್ಲ.

ಖರ್ಚಿನ ಲೆಕ್ಕ ಹೀಗಿದೆ. ಕೀಬೋರ್ಡಿಗೆ 6,400 ರೂಪಾಯಿ. ಸ್ವಿಚ್‌ಗಳಿಗೆ ಸುಮಾರು 2,300. ಗ್ರೀಸ್, ಕುಂಚ, ಸ್ವಿಚ್ ಬಿಚ್ಚುವ ಸಾಧನಗಳಿಗೆ ಒಂದು ಸಾವಿರ. ಐನೂರರ ಕೀಬೋರ್ಡಿಗೆ ಹೋಲಿಸಿದರೆ ಇದು ಬಹಳ ಹೆಚ್ಚು, ಉಳಿತಾಯವಾಗುತ್ತದೆಂದು ಯಾರನ್ನೂ ನಂಬಿಸಲಾರೆ. ಆದರೆ ಈಗ ಎಫ್ ಕೆಟ್ಟರೆ ಬದಲಿಸಬೇಕಾದದ್ದು ಮೂವತ್ತು ನಲವತ್ತು ರೂಪಾಯಿಯ ಒಂದು ಸ್ವಿಚ್ ಮಾತ್ರ. ಸ್ವಿಚ್ ಕೂರಿಸುವಾಗ ಅದರ ತಾಮ್ರದ ಎರಡು ಕಾಲುಗಳು ನೆಟ್ಟಗಿವೆಯೇ ಎಂದು ನೋಡಿ ಒತ್ತಬೇಕು. ಅವಸರದಲ್ಲಿ ನಾನು ಮೂರರ ಕಾಲು ಮಡಚಿದ್ದೇನೆ. ಸುಮ್ಮನೆ ಪದೇ ಪದೇ ಕಿತ್ತು ಹಾಕುವುದೂ ಬೇಡ, ಸಾಕೆಟ್‌ಗಳಿಗೂ ಒಂದು ಮಿತಿ ಇರುತ್ತದೆ.

ಬೇಸಿಗೆ ಮುಗಿದ ಮೇಲೆ ಎಲ್ಲ ಕೀಕ್ಯಾಪ್‌ಗಳನ್ನೂ ತೆಗೆದು ನೋಡಿದೆ. ಸ್ವಿಚ್‌ಗಳ ಸುತ್ತಲಿನ ತಗಡಿನ ಮೇಲೆ ನೀಲಿ ನವಿರು ಹಾಸಿಕೊಂಡಿತ್ತು, ಆದರೆ ಬಿಚ್ಚಿ ನೋಡಿದ ಆರು ಸ್ವಿಚ್‌ಗಳ ಒಳಗೆ ಧೂಳು ಅಷ್ಟಾಗಿ ಇಳಿದಿರಲಿಲ್ಲ. ಪಕ್ಕದ ಘಟಕದವರು ಉಳಿದ ಜೀನ್ಸ್ ತುಂಡಿನಿಂದ ಒಂದು ಹೊದಿಕೆ ಹೊಲಿದು ಕೊಟ್ಟಿದ್ದಾರೆ, ರಾತ್ರಿ ಅದನ್ನು ಮುಚ್ಚಿಯೇ ಮನೆಗೆ ಹೋಗುತ್ತೇನೆ.

ಇಷ್ಟು ಹಣ ಕೊಡುವ ಮೊದಲು ಬೇರೆ ಬೇರೆ ಸ್ವಿಚ್‌ಗಳನ್ನು ಒತ್ತಿ ನೋಡಬೇಕು. ಅಂಥ ಅಂಗಡಿ ನನಗೆ ಬಳ್ಳಾರಿಯಲ್ಲಿ ಕಾಣಲಿಲ್ಲ. ನಾನು ಎಲ್ಲವನ್ನೂ ಅಂದಾಜಿನ ಮೇಲೆ ತರಿಸಿ, ಬೇಡವಾದವುಗಳಿಗೂ ದುಡ್ಡು ಕೊಟ್ಟಿದ್ದೇನೆ. ಹಾಗೆ ಉಳಿದ ಕೆಂಪು, ಕಂದು, ಬಿಳಿ ಸ್ವಿಚ್‌ಗಳನ್ನು ಒಂದು ಹಲಗೆಗೆ ಕೂರಿಸಿ ಮೇಜಿನ ಮೇಲಿಟ್ಟಿದ್ದೇನೆ. ಬೋಬಾ ಹತ್ತು ತರಿಸಿದ್ದರಲ್ಲಿ ಒಂದು ನನ್ನ ಎಫ್ ಕೆಳಗಿದೆ, ಒಂದು ಈ ಹಲಗೆಯ ಮೇಲಿದೆ. ಉಳಿದ ಎಂಟು ಡಬ್ಬಿಯಲ್ಲಿವೆ. ಅವುಗಳಲ್ಲಿ ಒಂದನ್ನು ಸಹಾಯಕಿ ತನ್ನ ಕೀಬೋರ್ಡ್ ಬರುವವರೆಗೆ ಯಾರಿಗೂ ಕೊಡಬೇಡಿ ಎಂದು ತೆಗೆದಿರಿಸಿಕೊಂಡಿದ್ದಾಳೆ.